ತಪ್ಪಿದ ಗಟ್ಟಿಮೇಳ

ಹಾರನಹಳ್ಳಿಯ ಚೆನ್ನಿಗಪ್ಪ ಹರೆಯದಿಂದಲೂ ಮದುವೆಗಳಲ್ಲಿ ನಾದಸ್ವರ ನುಡಿಸಿಕೊಂಡು ಬಂದವನು. ಊಟದ ಪಂಕ್ತಿಯ ಕಡೆ ನೋಡುವವರೇ ಹೊರತು ಕೂತು ಕೇಳುವವರು ಅವನಿಗೆ ಸಿಕ್ಕಿರಲಿಲ್ಲ. ಹಾಗಾಗಿ ಅರಸೀಕೆರೆಯ ಛತ್ರದಲ್ಲಿ ಮುಂದಿನ ಸಾಲಿನ ಹಿರಿಯರೊಬ್ಬರು ತಲೆದೂಗುವುದು ಕಂಡದ್ದೇ, ಕಣ್ಣು ಮುಚ್ಚಿ ತೋಡಿ ರಾಗದೊಳಗೆ ಇಳಿದುಬಿಟ್ಟ.

ತಾಳಿ ಕಟ್ಟುವಾಗ ಸೀನಿನಂಥ ಅಪಶಕುನ ಕಿವಿಗೆ ಬೀಳದಂತೆ ಗಟ್ಟಿಮೇಳ ಮೊಳಗಬೇಕು. ಪುರೋಹಿತರು ಬೆರಳೆತ್ತಿದ್ದು ಅವನಿಗೆ ಕಾಣಲಿಲ್ಲ. ಡೋಲಿನವನು ಮೊಣಕೈಯಿಂದ ತಿವಿಯುವಷ್ಟರಲ್ಲಿ ತಾಳಿ ಕಟ್ಟಿಯಾಗಿತ್ತು. ಅವನ ಮೆಲು ಆಲಾಪದ ನಡುವೆ ಯಾರೋ ಸೀನಿದ್ದು ಛತ್ರಕ್ಕೆಲ್ಲ ಕೇಳಿಸಿತ್ತು.

ಹುಡುಗಿಯ ತಾಯಿ ಬೈಯಲಿಲ್ಲ. "ಹೋಗ್ಲಿ ಬಿಡಿ, ಊಟ ಮಾಡ್ಕೊಂಡು ಹೋಗಿ" ಎಂದರು. ಅದಕ್ಕೇ ಅವನಿಗೆ ತಲೆ ಎತ್ತಲಾಗಲಿಲ್ಲ. ವಾದ್ಯವನ್ನು ಚೀಲಕ್ಕೆ ಹಾಕುತ್ತ, ಅವರಾದರೂ ಕೇಳಿದರಲ್ಲ ಎಂದು ಹಿರಿಯರತ್ತ ನೋಡಿದ.

ಮೊಮ್ಮಗಳು ಅವರ ಭುಜ ಅಲುಗಿಸುತ್ತಿದ್ದಳು. "ಏಳು ತಾತ, ಎಷ್ಟೊತ್ತು ತೂಕಡಿಸ್ತೀಯ? ಅಕ್ಷತೆ ಹಾಕು."