ರುಖವತದಲ್ಲಿಟ್ಟ ಲೇಸು

ಸೊಲ್ಲಾಪುರದ ನನ್ನಪ್ಪನ ಅಂಗಡಿಯಲ್ಲಿ ಯಂತ್ರದ ಲೇಸು ಗಜಗಟ್ಟಲೆ ಮಾರಾಟವಾಗುತ್ತಿತ್ತು. ನಾನು ಮಾತ್ರ ಅದನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಕೊಕ್ಕೆ ಸೂಜಿ, ಬಿಳಿ ನೂಲಿನ ಉಂಡೆ ಹಿಡಿದು ಕೂತರೆ ಊಟದ ನೆನಪೂ ಇರುತ್ತಿರಲಿಲ್ಲ. ಎಪ್ಪತ್ತರ ದಶಕದಲ್ಲಿ ನಮ್ಮ ಓಣಿಯ ಹುಡುಗಿಯರೆಲ್ಲ ಕ್ರೋಶಾ ಹೆಣೆಯುವವರೇ. ಆದರೆ ನಾನು ಹೆಣೆಯುವ ಮಲ್ಲಿಗೆ ಹೂವಿನಷ್ಟು ಸಣ್ಣ ಎಸಳು ಯಾರ ಕೈಗೂ ಬರುತ್ತಿರಲಿಲ್ಲ. ಜಂಬ ಅನ್ನಿ ಬೇಕಾದರೆ, ಇದ್ದದ್ದನ್ನೇ ಹೇಳುತ್ತಿದ್ದೇನೆ.

ನನ್ನ ಮದುವೆ ಅಕ್ಕಲಕೋಟೆಯಲ್ಲಿ, ಗಂಡಿನವರ ಮನೆಯ ಮುಂದಿನ ಹಂದರದಲ್ಲಿ ಆಯಿತು. ಮದುಮಗಳು ಕೈಯಾರೆ ಮಾಡಿದ್ದನ್ನೆಲ್ಲ ಮೇಜಿನ ಮೇಲೆ ಜೋಡಿಸಿಡುವುದು ನಮ್ಮ ಕಡೆಯ ಪದ್ಧತಿ. ಅದಕ್ಕೆ ರುಖವತ ಎನ್ನುತ್ತಾರೆ. ನನ್ನ ರುಖವತದ ನಡುವೆ, ರೇಡಿಯೊ ಮೇಲೆ ಹಾಸಲೆಂದು ಹೆಣೆದ ಲೇಸು ಇತ್ತು. ಅದರ ತುಂಬ ನನ್ನ ಮಲ್ಲಿಗೆ ಹೂಗಳೇ.

ಅಕ್ಷತೆ ಬಿದ್ದ ಮೇಲೆ ಹೆಂಗಸರು ನೋಡಲು ಬಂದರು. ಗಂಡನ ಸೋದರತ್ತೆ ಲೇಸನ್ನು ಎತ್ತಿ ಹಿಡಿದು ಎಲ್ಲರಿಗೂ ಕೇಳುವಂತೆ ಅಂದರು: "ಇದು ಕೈಲೆ ಹೆಣೆದದ್ದಲ್ಲ ಬಿಡ್ರಿ. ಅಪ್ಪನ ದುಕಾನದಾಗಿಂದ ತಂದಿಟ್ಟಾರ."

ನನಗೆ ಮೈಯೆಲ್ಲ ಉರಿದುಹೋಯಿತು. ಅವ್ವ ಸುಮ್ಮನಿರು ಎಂದು ಕಣ್ಣಲ್ಲೇ ಬೇಡಿಕೊಂಡಳು. ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಹೋಗಿ ಲೇಸು ಇಸಿದುಕೊಂಡೆ. ಕೊನೆಗೆ ಸೇರಿಸಿದ್ದ ಮೂಲೆಯ ಹೂವಿನಲ್ಲಿ ಅಡಗಿಸಿದ್ದ ನೂಲಿನ ತುದಿ ಹುಡುಕಿ ಎಳೆದೆ. ಸರಸರನೆ ಹೂವು ಬಿಚ್ಚಿ ಬರೀ ನೂಲಾಯಿತು.

"ಅಯ್ಯ, ಶುಭಕಾರ್ಯದಾಗ ಬಿಚ್ಚತಾರೇನವ್ವಾ!" ಎಂದು ಅವ್ವ ಹಣೆ ಚಚ್ಚಿಕೊಂಡಳು.

"ಕುಂದರ್ರಿ ಅತ್ತಿ, ನೋಡ್ರಿ," ಎಂದು ಸೋದರತ್ತೆಯನ್ನು ಎದುರಿಗೇ ಕೂರಿಸಿ, ಹಸಿರು ಬಳೆ ಮೇಲಕ್ಕೆ ಸರಿಸಿ, ರುಖವತದಲ್ಲೇ ಇಟ್ಟಿದ್ದ ಕೊಕ್ಕೆ ಸೂಜಿ ಹಿಡಿದೆ. ಅದೇ ಹೂವು, ಎಸಳಿಗೆ ಎಸಳು ಸರಿಯಾಗಿ ಬಂತು. ಆದರೆ ಬೆರಳಿಗೆ ಮೆತ್ತಿದ್ದ ಮದುವೆಯ ಅರಿಶಿನವನ್ನು ಸಿಟ್ಟಿನಲ್ಲಿ ಮರೆತೇಬಿಟ್ಟಿದ್ದೆ. ಬಿಳಿ ಲೇಸಿನ ಮೂಲೆಯಲ್ಲಿ ಈಗ ಒಂದು ಹಳದಿ ಹೂವು.

ಸೋದರತ್ತೆಗೆ ಅಷ್ಟೇ ಸಾಕಾಯಿತು. "ಕೈಚಳಕ ಐತಿ ಖರೆ, ಲೇಸು ಮಾತ್ರ ಕೆಡಿಸಿದ್ಲು. ಆ ಮೂಲಿ ಹಿಂದ ಮಾಡಿ ಹಾಸ್ರಿ," ಅಂದರು.

ಬದಿಗೆ ನಿಂತು ನೋಡುತ್ತಿದ್ದ ನನ್ನ ಅತ್ತೆ, ಗಂಡನ ತಾಯಿ, ಲೇಸನ್ನು ತೆಗೆದುಕೊಂಡು ನಮ್ಮನ್ನೆಲ್ಲ ಒಳಗೆ ಕರೆದೊಯ್ದು ರೇಡಿಯೊ ಮೇಲೆ ಹಾಸಿದರು. ಹಳದಿ ಹೂವನ್ನು ಮುಂದಕ್ಕೇ ಇಳಿಬಿಟ್ಟರು.

"ಉಳಿದ ಹೂವೆಲ್ಲ ಅಕಿ ತವರಮನ್ಯಾಗ ಹೆಣೆದದ್ದು," ಅಂದರು. "ಇದೊಂದು ನಮ್ಮ ಮನಿ ಸೊಸಿ ಹೆಣೆದದ್ದು."