ತಾನು ಹೊಡೆದ ಗೋಲನ್ನು ತಾನೇ ಕ್ಯಾನ್ಸಲ್ ಮಾಡಿದ ಧನ್ಯಾ

ಟಿವಿಯಲ್ಲಿ ಕೂತು, ಲೈವ್‌ನಲ್ಲಿ, ತನ್ನದೇ ಗೋಲನ್ನು ಕ್ಯಾನ್ಸಲ್ ಮಾಡಿದವನನ್ನು ನೀವು ನೋಡಿದ್ದೀರಾ? ನಾನು ನೋಡಿದೆ. ಕಳೆದ ಭಾನುವಾರ ಸಂಜೆ, ಉಗಾರ ಬುದ್ರುಕದ ನಮ್ಮಕ್ಕನ ಮನೆಯ ಪಡಸಾಲೆಯಲ್ಲಿ, ಕೈಯಲ್ಲಿ ಚುರಮುರಿ ಹಿಡಿದುಕೊಂಡು. ಕೈ ಬಾಯಿಗೆ ಹೋಗಲೇ ಇಲ್ಲ!

ಅವನ ಹೆಸರು ಧನ್ಯಕುಮಾರ. ನಿಪ್ಪಾಣಿಯವರಿಗೆ ಬರೀ ಧನ್ಯಾ. ನಮ್ಮ ಓಣಿಯವ, ನಮ್ಮ ಟೀಮಿನ ಸ್ಟ್ರೈಕರ್. ನಾನು ಲೆಫ್ಟ್ ವಿಂಗ್. (ಈಗಿನ ನನ್ನ ಹೊಟ್ಟೆ ನೋಡಿದವರು ನಂಬುವುದಿಲ್ಲ, ಇರಲಿ ಬಿಡಿ.)

ನಿಪ್ಪಾಣಿಗೆ ಫುಟ್ಬಾಲ್ ಎಲ್ಲಿಂದ ಬಂತು ಅಂತೀರಾ? ಕೊಲ್ಹಾಪುರ ಪಕ್ಕದಲ್ಲೇ ಇದೆ. ಅಲ್ಲಿನ ಹುಚ್ಚು ಹೈವೇ ಹಿಡಿದು ಇಲ್ಲಿಗೂ ಬಂತು. ತಂಬಾಕು ತುಂಬಿಡುವ ವಖಾರಿಯ ಬಾಗಿಲೇ ನಮ್ಮ ಗೋಲ್ ಪೋಸ್ಟ್. ಚೆಂಡು ಬಡಿದರೆ ಧೂಳು ಏಳುತ್ತಿತ್ತು, ಕೀಪರ್ ಸೀನಿದನೆಂದರೆ ಗೋಲ್ ಆದ ಹಾಗೆ. ಧನ್ಯಾನ ಅಪ್ಪ ಅದೇ ವಖಾರಿಯಲ್ಲಿ ಕಾರಕೂನ. ಒಳಗಿನಿಂದ ಅವರು ಬೈಯುತ್ತಿದ್ದರು, ಹೊರಗಿನಿಂದ ಇವನು ಬಾರಿಸುತ್ತಿದ್ದ.

ಇಪ್ಪತ್ತೆರಡು ವರ್ಷದ ಹಿಂದೆ ಒಂದು ಫೈನಲ್. ಎದುರಿಗೆ ಕೊಲ್ಹಾಪುರದ ಟೀಮ್. ಕೊನೆಯ ನಿಮಿಷ. ಎಡಗಡೆಯಿಂದ ನಾನು ಕ್ರಾಸ್ ಹಾಕಿದೆ, ಧನ್ಯಾ ಹಾರಿದ, ಚೆಂಡು ಬಲೆಯಲ್ಲಿ! ನಿಪ್ಪಾಣಿ ಕುಣಿಯಿತು. ಆಟ ನೋಡಲು ಬಂದಿದ್ದ ಗೋವಾ ಕ್ಲಬ್ಬಿನವರೊಬ್ಬರು ಧನ್ಯಾನನ್ನು ಕರೆದುಕೊಂಡೇ ಹೋದರು. ಅಲ್ಲಿ ಹನ್ನೊಂದು ವರ್ಷ ಆಡಿದ, ಹೆಸರು ಮಾಡಿದ. ಆಮೇಲೆ ಮೊಣಕಾಲು ಕೈಕೊಟ್ಟಿತು. ಊರಿಗೆ ಬಂದು ಶಾಲೆಯೊಂದರಲ್ಲಿ ಸೀಟಿ ಊದುತ್ತಿದ್ದ.

ಕಳೆದ ವರ್ಷ ಬೆಂಗಳೂರಿನಿಂದ ಒಬ್ಬ ಪ್ರೊಡ್ಯೂಸರಮ್ಮ ಫೋನ್ ಮಾಡಿದರು. ಕನ್ನಡದಲ್ಲಿ ಆಟ ವಿಶ್ಲೇಷಣೆ ಮಾಡೋಕೆ ಬರ್ತೀರಾ?

"ನನಗ ನಿಮ್ಮ ಕನ್ನಡ ಬರೂದಿಲ್ರಿ ಮೇಡಮ್ಮಾರ," ಅಂದ ಧನ್ಯಾ.

"ನಿಮ್ಮ ಕನ್ನಡವೇ ಬೇಕು," ಅಂದರಂತೆ ಅವರು.

ಅಷ್ಟೇ. ಹೀರೋ ಆಗಿಬಿಟ್ಟ! ಡಿಫೆಂಡರ್ ಒಬ್ಬ ಸುಮ್ಮನೆ ನಿಂತರೆ, "ಇಂವ ಏನು ಕಬ್ಬೂರ ಬಸ್ಸಿಗೆ ಕಾಯಾಕತ್ತಾನೇನ್ರಿ?" ಅಂತಾನೆ. ಕಬ್ಬೂರಿನವರಿಗೆ ಸಿಟ್ಟು ಬಂತೇ? ಇಲ್ಲ. ಊರ ಹೆಸರು ಟಿವಿಯಲ್ಲಿ ಬಂತು ಅಂತ ಪೇಢೆ ಹಂಚಿದರು.

ಭಾನುವಾರಕ್ಕೆ ಬರೋಣ. ಅಕ್ಕನ ಪಡಸಾಲೆ ತುಂಬಿತ್ತು. ಭಾವ, ಅವರ ತಮ್ಮಂದಿರು, ಪಕ್ಕದ ಮನೆಯವರು. ಅಂದಿನ ಮ್ಯಾಚಿನ ಮೊದಲ ಹಾಫ್‌ನಲ್ಲಿ ಇಪ್ಪತ್ತರ ಹುಡುಗನೊಬ್ಬ ಕೈಯಿಂದ ತಳ್ಳಿ ಗೋಲ್ ಹಾಕಿದ. ರೆಫ್ರಿಗೆ ಕಾಣಲಿಲ್ಲ. ಬ್ರೇಕಿನಲ್ಲಿ ಧನ್ಯಾ ಸಿಡಿದ: "ಅಂವಗ ಗೊತ್ತೈತ್ರಿ, ಕೈಗೆ ಬಡದೈತಿ ಅಂತ. ಹೋಗಿ ಹೇಳಬೇಕಿತ್ತು."

ಆಂಕರ್ ನಕ್ಕ. "ಸರ್, ನಿಮಗೊಂದು ಸರ್ಪ್ರೈಸ್" ಅಂದ. ಪರದೆ ಮೇಲೆ ಹಳೇ ವಿಡಿಯೊ. ಅದೇ ಫೈನಲ್! ಮದುವೆ ಶೂಟಿಂಗ್ ಮಾಡುವವ ತೆಗೆದದ್ದು, ನಡುಗುವ ಚಿತ್ರ. ಎಡಗಡೆ ಕಡ್ಡಿಯಂಥವನೊಬ್ಬ ಓಡುತ್ತಿದ್ದಾನೆ. ಅಯ್ಯೋ, ನಾನು!

ಪಡಸಾಲೆ ಹಾರಿಬಿತ್ತು. ಭಾವ ಸೀಟಿ ಹೊಡೆದರು. ನನ್ನ ಬೆನ್ನಿಗೆ ಎಷ್ಟು ಗುದ್ದು ಬಿದ್ದವೋ.

ಧನ್ಯಾ ಮಾತ್ರ ನಗಲಿಲ್ಲ. "ಸ್ವಲ್ಪ ಹಿಂದಕ್ಕ ಒಯ್ರಿ," ಅಂದ. ಒಯ್ದರು. "ಹಾಂ, ಅಲ್ಲೇ ನಿಲ್ಲಸ್ರಿ. ನನ್ನ ಬಲಗೈ ನೋಡ್ರಿ."

ನಾವೆಲ್ಲ ಟಿವಿ ಕಡೆ ಬಗ್ಗಿದೆವು.

"ಇದು ಗೋಲ್ ಅಲ್ರಿ. ತಲಿಗೆ ಬಡದಿಲ್ಲ, ಕೈಗೆ ಬಡದೈತಿ. ಆ ಹುಡುಗಗ ಒಂದು ನ್ಯಾಯ, ನನಗೊಂದು ನ್ಯಾಯ ಹೇಳಾಕ ಬರೂದಿಲ್ಲ. ಕೊಲ್ಹಾಪುರದ ಕೀಪರ್ ವಸಂತಾ ಬಡಕೊಂಡಾ, ಕೈ ಕೈ ಅಂತ. ರೆಫ್ರಿ ಅವಂಗ ರೆಡ್ ಕಾರ್ಡ್ ಕೊಟ್ಟಾ. ಅವರ ಕ್ಲಬ್ಬಿನವರು ಮತ್ತ ಅಂವನ್ನ ಆಡಸಲೇ ಇಲ್ಲ. ವಸಂತಾ, ಎಲ್ಲಿದ್ದೀಯೋ? ತಪ್ಪಾತಪಾ."

ಆಂಕರ್ ಕೈಸನ್ನೆ ಮಾಡಿದ. ಸೀದಾ ಜಾಹೀರಾತು!

ಧನ್ಯಾ ಗೋವಾದಲ್ಲಿ ಹಾಕಿದ ಅಷ್ಟೂ ಗೋಲುಗಳನ್ನು ತಕ್ಕಡಿಯ ಒಂದು ತಟ್ಟೆಗೆ ಹಾಕಿ, ಈ ಒಂದು ಮಾತನ್ನು ಇನ್ನೊಂದಕ್ಕೆ ಹಾಕಿ. ಯಾವುದು ಕೆಳಗೆ ಇಳಿಯುತ್ತದೆ?

ಅಕ್ಕ ಮಾತ್ರ ನನ್ನನ್ನೇ ನೋಡುತ್ತಿದ್ದಳು. "ನೀ ಅಲ್ಲೇ ಇದ್ದೆಲ್ಲೋ ತಮ್ಮಾ. ನಿನಗ ಕಂಡಿರಲಿಲ್ಲೇನು?"

"ಅಷ್ಟು ದೂರದಿಂದ ಎಲ್ಲಿ ಕಾಣತೈತಿ ಬಿಡವಾ," ಅಂದೆ.

ನಿಪ್ಪಾಣಿ ಎರಡು ಪಾಲಾಯಿತು. ಊರ ಮಾನ ಕಳೆದ ಅಂತ ಕೆಲವರು, ಊರ ಮಾನ ಹೆಚ್ಚಿಸಿದ ಅಂತ ಕೆಲವರು. ವಾಟ್ಸಾಪ್ ಗ್ರೂಪಿನಿಂದ ಅವನನ್ನು ತೆಗೆದರು, ಮತ್ತೆ ಸೇರಿಸಿದರು, ಮತ್ತೆ ತೆಗೆದರು. ಇನ್ನೊಬ್ಬರ ಆಟಕ್ಕೆ ತೀರ್ಪು ಕೊಡಲು ನಮಗೇನು ಚಾನೆಲ್ ಬೇಕೇ? ಕಟ್ಟೆ ಸಾಕು, ಮೊಬೈಲ್ ಸಾಕು. ನಮ್ಮದೇ ಹಳೇ ವಿಡಿಯೊ ಯಾರಾದರೂ ಹಾಕಿದರೆ?

ಬುಧವಾರ ಧನ್ಯಾ ಚಿಕ್ಕೋಡಿಯ ನನ್ನ ಈಗಿನ ಮನೆ ಮುಂದೆ ಕಾರ್ ನಿಲ್ಲಿಸಿದ. ಹಿಂದಿನ ಸೀಟಿನಲ್ಲಿ ಆ ಫೈನಲ್ಲಿನ ಕಪ್.

"ವಸಂತಾ ಕಾಗವಾಡದಾಗ ಅದಾನಂತ. ಹಿಟ್ಟಿನ ಗಿರಣಿ ಇಟ್ಟಾನ. ನಡಿಯೋ."

"ಹೊಡದ್ರ?"

"ಹೊಡಸ್ಕೊಳ್ಳೂಣು."

ಕಾಗವಾಡದಲ್ಲಿ ಗಿರಣಿ ಭರ್ರೋ ಅಂತ ಓಡುತ್ತಿತ್ತು. ವಸಂತರಾವ್ ಅವರ ಹುಬ್ಬಿನವರೆಗೂ ಜೋಳದ ಹಿಟ್ಟು. ಧನ್ಯಾನನ್ನು ನೋಡಿದರು. ಕಪ್ ನೋಡಿದರು.

ಧನ್ಯಾ ಕಪ್ ಮುಂದೆ ಹಿಡಿದ. "ಇದು ನಿಮ್ಮದ್ರಿ."

"ಅದು ಎದಕ್ಕ ಬೇಕೋ ನನಗ?" ವಸಂತರಾವ್ ಒಳಗೆ ತಿರುಗಿ ಕೂಗಿದರು. "ಏ, ಈ ಕಡೆ ಬಾ! ಅಂವ ಬಂದಾನ!"

ಹೆಂಡತಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು.

"ಇಕಿಗೆ ಹೇಳೋ," ಅಂದರು ವಸಂತರಾವ್. "ಲಗ್ನ ಆದಾಗಿಂದ ಹೇಳಾಕತ್ತೇನಿ, ಕೈಗೆ ಬಡದಿತ್ತು ಅಂತ. ಮಾವನ ಮನಿಯವರೆಲ್ಲಾ ನಕ್ಕಾರ. ಸೋತಾಂವ ಹಂಗ ಹೇಳಾಂವನ ಅಂತ. ಟಿವಿಯಾಗ ಹೇಳಿದ್ದು ಬ್ಯಾರೆ. ನನ್ನ ಮನಿಯಾಗ ನಿಂತು ಹೇಳು."

ಧನ್ಯಾ ಆಕೆಗೆ ಕೈಮುಗಿದ. "ವೈನಿ, ಇವರು ಹೇಳಿದ್ದ ಖರೇ ರಿ."

ಆಕೆ ಗಂಡನ ಮುಖ ನೋಡಿದರು. ಸೆರಗಿನಿಂದ ಅವರ ಕಣ್ಣಿನ ಸುತ್ತ ಅಂಟಿದ್ದ ಒದ್ದೆ ಹಿಟ್ಟು ಒರೆಸಿದರು. ವಸಂತರಾವ್ ಧನ್ಯಾನನ್ನು ಬಾಚಿ ತಬ್ಬಿಕೊಂಡರು ನೋಡಿ! ಟಿವಿ ಸ್ಟಾರ್‌ನ ನೀಲಿ ಅಂಗಿ ಪೂರ್ತಿ ಬೆಳ್ಳಗಾಯಿತು. ಕಪ್ ನೆಲದ ಮೇಲೆ ಜೋಳದ ಡಬ್ಬಿಗಳ ಸಾಲಿನಲ್ಲಿ ನಿಂತಿತ್ತು. ಅದನ್ನು ಯಾರೂ ಮುಟ್ಟಲಿಲ್ಲ. ನಾನು ಚಪ್ಪಾಳೆ ಹೊಡೆದೆ. ಹಿಟ್ಟು ಬೀಸಿಕೊಳ್ಳಲು ಬಂದ ಹೆಂಗಸರೂ ಹೊಡೆದರು.

ಆಗ ವಸಂತರಾವ್ ನನ್ನ ಕಡೆ ತಿರುಗಿದರು. "ನೀವು ಕ್ರಾಸ್ ಹಾಕಿದವರಲ್ಲೇನ್ರಿ? ನಿಮಗೂ ಕಂಡಿರಲಿಲ್ಲಾ?"

ಗಿರಣಿಯ ಸದ್ದಿಗೆ ಕೇಳಿಸದವನ ಹಾಗೆ ಸುಮ್ಮನೆ ನಕ್ಕುಬಿಟ್ಟೆ.

ನನ್ನದೊಂದು ಚಾನೆಲ್ ಇಲ್ಲ, ಇರುವುದು ಈ ಅಂಕಣವೊಂದೇ: ವಸಂತರಾವ್, ನಾನು ಏಳೇ ಹೆಜ್ಜೆ ದೂರದಲ್ಲಿದ್ದೆ, ಸರಿಯಾಗಿ ನೋಡಿದ್ದೆ.