ಅರ್ಧ ಇಂಚು ಎಡಕ್ಕೆ ವಾಲಿದ ಗಾಡಿ

೨೦೨೨ರ ಫೆಬ್ರವರಿ. ಆಗ ನನಗೆ ಅರವತ್ತೊಂಬತ್ತು ವರ್ಷ. ಲಾಸ್ ಏಂಜಲೀಸಿನ ಆರ್ಟೀಸಿಯಾ ಬಳಿಯ ಒಂದು ಗ್ಯಾರೇಜಿನಲ್ಲಿ ಮೂವತ್ತೊಂದು ವರ್ಷ ಚಾಸಿ ಮತ್ತು ಸಸ್ಪೆನ್ಷನ್, ಅಂದರೆ ಗಾಡಿಯ ಅಡಿ ಚೌಕಟ್ಟು ಮತ್ತು ಅದನ್ನು ಹೊರುವ ಸ್ಪ್ರಿಂಗುಗಳ ಕೆಲಸ ಮಾಡಿ ನಿವೃತ್ತನಾಗಿದ್ದೆ. ಸ್ಯಾನ್ ಡಿಯಾಗೋದ ಫೋರ್ ಎಸ್ ರ್ಯಾಂಚ್ ಬಡಾವಣೆಯಲ್ಲಿ ಮಗಳ ಮನೆಯಲ್ಲಿ ವಾಸ. ನಾನು ಓದಿದ್ದು ಹುಬ್ಬಳ್ಳಿಯಲ್ಲಿ ಎಸ್ಸೆಸ್ಸೆಲ್ಸಿವರೆಗೆ. ಇಲ್ಲಿ ಪರಿಚಯವಾದ ಕನ್ನಡಿಗರೆಲ್ಲ ಇಂಜಿನಿಯರುಗಳು; ಅವರ ನಡುವೆ ಕೈಗೆ ಗ್ರೀಸು ಹತ್ತಿಸಿಕೊಂಡು ಬದುಕಿದವನು ನಾನೊಬ್ಬನೇ. ಉಳಿದ ಮಾತುಗಳಲ್ಲಿ ನಾನು ಸುಮ್ಮನೆ ಕೂರುತ್ತಿದ್ದೆ. ಕಾರಿನ ಮಾತು ಬಂದರೆ ಮಾತ್ರ ಎಲ್ಲರೂ ನನ್ನ ಕಡೆ ತಿರುಗುತ್ತಿದ್ದರು. ಅದು ನನಗೆ ಇಷ್ಟವಾಗಿತ್ತು. ಮುಂದೆ ಹೇಳುವ ತಪ್ಪಿಗೆ ಈ ಇಷ್ಟವೂ ಒಂದು ಕಾರಣ.

ನಾಗೇಶ್ ಪಕ್ಕದ ರಾಂಚೊ ಬರ್ನಾರ್ಡೊದ ಒಂದು ಟೆಲಿಕಾಂ ಕಂಪನಿಯ ಇಂಜಿನಿಯರ್, ಬೆಂಗಳೂರಿನವರು. ಐವತ್ತೆರಡನೇ ವಯಸ್ಸಿನಲ್ಲಿ ಅವರಿಗೆ ಹಾಟ್ ರಾಡ್ ಕಟ್ಟುವ ಹುಚ್ಚು ಹಿಡಿಯಿತು. ಹಾಟ್ ರಾಡ್ ಎಂದರೆ ತೊಂಬತ್ತು ವರ್ಷ ಹಿಂದಿನ ಕಾರಿನ ರೂಪ, ಅದರೊಳಗೆ ಇಂದಿನ ಬಲವಾದ ಇಂಜಿನ್. ನಾಗೇಶರದಕ್ಕೆ ಛಾವಣಿ ಇಲ್ಲ, ಇಬ್ಬರಿಗಷ್ಟೇ ಸೀಟು, ಚಕ್ರಗಳು ಬಾಡಿಯಿಂದ ಹೊರಗೆ. ಎಲ್ಲವನ್ನೂ ತಾವೇ ಮನೆಯ ಗ್ಯಾರೇಜಿನಲ್ಲಿ ಜೋಡಿಸುತ್ತಿದ್ದರು. ವೆಲ್ಡಿಂಗ್ ಮಾತ್ರ ಬರುತ್ತಿರಲಿಲ್ಲ.

"ಅಂಕಲ್, ಸಸ್ಪೆನ್ಷನ್ ಬ್ರಾಕೆಟ್ ನಾಲ್ಕೂ ನೀವೇ ಹಾಕ್ಕೊಡಿ. ಅದೊಂದು ನಾನು ಮುಟ್ಟಲ್ಲ," ಎಂದರು.

ಸ್ಪ್ರಿಂಗಿನ ಮೇಲ್ತುದಿಯನ್ನು ಚಾಸಿಗೆ ಹಿಡಿದಿಡುವ ಕಬ್ಬಿಣದ ಕಿವಿಯೇ ಬ್ರಾಕೆಟ್. ಗಾಡಿಯ ಇಡೀ ಭಾರ ಹೊರುವುದು ಅದು. ಸಂತೋಷದಿಂದ ಒಪ್ಪಿಕೊಂಡೆ.

ನಾಗೇಶರ ಹೆಂಡತಿ ವೀಣಾ ದಸರೆಗೆ ಒಂಬತ್ತು ಮೆಟ್ಟಿಲು ಗೊಂಬೆ ಕೂರಿಸುವವರು. ವರ್ಷದ ಉಳಿದ ದಿನಗಳಲ್ಲಿ ಆ ಗೊಂಬೆಗಳು ಇಪ್ಪತ್ತೆರಡು ಪೆಟ್ಟಿಗೆಗಳಲ್ಲಿ ಗ್ಯಾರೇಜಿನ ಹಿಂಗೋಡೆಗೆ ಒತ್ತಿ ಕೂತಿರುತ್ತವೆ. ಅದರಿಂದಾಗಿ ಚಾಸಿಯನ್ನು ಉದ್ದಕ್ಕೆ ಇಟ್ಟರೆ ಓಡಾಡಲು ಜಾಗವಿರಲಿಲ್ಲ.

"ಪೆಟ್ಟಿಗೆ ಎರಡು ದಿನ ಹಾಲ್‌ನಲ್ಲಿ ಇಡೋಣ್ವಾ?" ಎಂದು ನಾಗೇಶ್ ಕೇಳಿದರು.

"ನಿಮ್ಮ ಗಾಡಿನೇ ಹಾಲ್‌ನಲ್ಲಿ ಇಟ್ಕೊಳ್ರೀ," ಎಂದರು ವೀಣಾ.

ಚಾಸಿಯನ್ನು ಅಡ್ಡಡ್ಡ ಇಟ್ಟೆವು. ಎಡಮಗ್ಗುಲು ಬಾಗಿಲ ಕಡೆ, ಬಲಮಗ್ಗುಲು ಗೊಂಬೆಗಳ ಕಡೆ.

ಇಲ್ಲಿನ ಮನೆಗಳ ಗ್ಯಾರೇಜಿನ ನೆಲ ಸಮವಾಗಿರುವುದಿಲ್ಲ. ನೀರು ಹೊರಗೆ ಹರಿಯಲೆಂದು ಬಾಗಿಲ ಕಡೆಗೆ ಸ್ವಲ್ಪ ಇಳಿಜಾರು ಕೊಟ್ಟಿರುತ್ತಾರೆ. ಕೆಲಸಕ್ಕೆ ಸೇರಿದ ಹೊಸಬರಿಗೆಲ್ಲ ನಾನು ಮೊದಲ ದಿನ ಹೇಳುತ್ತಿದ್ದ ಮಾತೇ, ನೆಲ ನೋಡಿ ಆಮೇಲೆ ಗಾಡಿ ನೋಡಿ ಎಂದು. ಆದರೆ ನನ್ನ ಕೈ ಮೂವತ್ತೊಂದು ವರ್ಷ ಸಮತಟ್ಟಾದ ಉಕ್ಕಿನ ಮೇಜಿಗೆ ಒಗ್ಗಿಹೋಗಿತ್ತು. ಚಾಸಿಯ ಎತ್ತರವನ್ನು ನೆಲದಿಂದ ಟೇಪು ಹಿಡಿದು ಅಳೆದೆ. ಹಿಂದಿನ ಆ್ಯಕ್ಸಲ್ಲನ್ನೂ ಬ್ರಾಕೆಟ್ಟುಗಳನ್ನೂ ರಸಮಟ್ಟ ಇಟ್ಟು ಸಮ ಮಾಡಿದೆ. ಚಾಸಿ ನೆಲದ ಇಳಿಜಾರನ್ನು ಅನುಸರಿಸಿತು, ಬ್ರಾಕೆಟ್ಟು ಅನುಸರಿಸಲಿಲ್ಲ. ಹಿಂದಿನ ಎಡಗಡೆಯ ಬ್ರಾಕೆಟ್ಟು ಚಾಸಿಯ ಮೇಲೆ ಅರ್ಧ ಇಂಚು ಎತ್ತರದಲ್ಲಿ ಕೂತಿತು. ಅಂದರೆ ಗಾಡಿ ತನ್ನ ಚಕ್ರದ ಮೇಲೆ ನಿಂತಾಗ ಆ ಮೂಲೆ ಅರ್ಧ ಇಂಚು ಕೆಳಗಿಳಿಯಲೇಬೇಕು. ಬೆಸುಗೆ ಮಾತ್ರ ಬಹಳ ಚೆನ್ನಾಗಿ ಬಂದಿತ್ತು. ನಾಗೇಶ್ ಅದರ ಫೋಟೋ ತೆಗೆದು ಎಲ್ಲರಿಗೂ ಕಳಿಸಿದರು.

ಡಿಸೆಂಬರಿನಲ್ಲಿ ಗಾಡಿ ಮೊದಲ ಸಲ ಹೊರಗೆ ಬಂತು. ಕಡುಗೆಂಪು ಬಣ್ಣ. ನಾಗೇಶ್ ಡ್ರೈವ್‌ವೇಯಲ್ಲಿ ನಿಲ್ಲಿಸಿ ಇಳಿಯುವಷ್ಟರಲ್ಲಿ ವೀಣಾ, "ರೀ, ಇದ್ಯಾಕೆ ಎಡಗಡೆ ವಾಲಿದೆ?" ಎಂದರು.

"ಇಲ್ವೇ, ಸರಿಯಾಗೇ ಇದೆಯಲ್ಲ. ಕನ್ನಡಕ ಒರೆಸ್ಕೋ."

"ಒಂಬತ್ತು ಮೆಟ್ಟಿಲು ನೂಲು ಹಿಡಿದ ಹಾಗೆ ಜೋಡಿಸ್ತೀನಿ. ನನಗೆ ಕನ್ನಡಕದ ಕಥೆ ಹೇಳ್ಬೇಡಿ."

ನಾನು ಟೇಪು ಹಿಡಿದೆ. ನೆಲದಿಂದ ಬಾಡಿಯ ಅಂಚಿಗೆ ಇರುವ ಎತ್ತರ, ನಮ್ಮ ಭಾಷೆಯಲ್ಲಿ ರೈಡ್ ಹೈಟ್, ಎಡಗಡೆ ಅರ್ಧ ಇಂಚು ಕಡಿಮೆ ಇತ್ತು. "ಸ್ಪ್ರಿಂಗ್ ಹೊಸಾದು ಐತಿ, ಒಂದಿಷ್ಟು ಓಡಾಡಿ ಕುಂದ್ರಲಿ," ಎಂದೆ. ಅದನ್ನು ನಂಬಿಕೊಂಡೇ ಹೇಳಿದೆ.

ಎರಡು ವಾರ ಕಳೆದರೂ ಸರಿಹೋಗಲಿಲ್ಲ. ಹಿಂದಿನ ಎರಡು ಸ್ಪ್ರಿಂಗುಗಳನ್ನು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಬದಲಿಸಿದೆ. ದೋಷ ಸ್ಪ್ರಿಂಗಿನದಾದರೆ ವಾಲುವ ಕಡೆಯೂ ಬದಲಾಗಬೇಕು. ಗಾಡಿ ಎಡಕ್ಕೇ ವಾಲಿತು. ನಾಗೇಶ್ ಕಾಫಿ ತರಲು ಒಳಗೆ ಹೋದಾಗ ರಸಮಟ್ಟವನ್ನು ನೆಲದ ಮೇಲೆ ಇಟ್ಟೆ. ಗಾಳಿಗುಳ್ಳೆ ಗೊಂಬೆ ಪೆಟ್ಟಿಗೆಗಳ ಕಡೆಗೆ, ಎಂದರೆ ಎತ್ತರದ ಕಡೆಗೆ, ಸರಿಯಿತು. ಕ್ಷಣದಲ್ಲಿ ಎಲ್ಲ ತಿಳಿಯಿತು.

ಕಾಫಿ ಲೋಟ ಕೈಗೆ ಕೊಡುತ್ತ ನಾಗೇಶ್, "ಏನಾದ್ರೂ ಗೊತ್ತಾಯ್ತಾ ಅಂಕಲ್?" ಎಂದು ಕೇಳಿದರು.

ಹೇಳಲು ಒಂದೇ ವಾಕ್ಯ ಸಾಕಿತ್ತು. ನಾನು ಹೇಳಿದ್ದು ಬೇರೆ: "ಬಾಡಿ ಕುಂದರ್ಸೂ ಮುಂದ ರಬ್ಬರ್ ಹೆಚ್ಚು ಕಮ್ಮಿ ಬಿಗದಿ ಅನಸ್ತದ, ನಾಗೇಶ."

ಚಾಸಿಗೂ ಬಾಡಿಗೂ ನಡುವೆ ರಬ್ಬರ್ ತುಂಡುಗಳನ್ನಿಟ್ಟು ಬಾಡಿ ಕೂರಿಸಿದ್ದು ಅವರು. ಅವರ ಮುಖ ಸಣ್ಣದಾಯಿತು. "ಛೇ, ನನ್ನದೇ ತಪ್ಪಾ?" ಎಂದರು. ನಾನು ಕಾಫಿ ಕುಡಿದೆ.

ಆ ಮನುಷ್ಯ ಮೂರು ವಾರಾಂತ್ಯ ಕೂತು ಬಾಡಿಯನ್ನು ಬಿಚ್ಚಿ, ಪ್ರತಿ ರಬ್ಬರನ್ನೂ ಅಳೆದು, ಮತ್ತೆ ಕೂರಿಸಿದರು. ಗಾಡಿ ಅಷ್ಟೇ ವಾಲಿತ್ತು. "ಮೂವತ್ತು ವರ್ಷ ಇಂಜಿನಿಯರ್ ಅಂತ ಹೇಳ್ಕೊಂಡೆ, ಹತ್ತು ಬೋಲ್ಟ್ ಹಾಕೋಕ್ ಬರಲಿಲ್ಲ. ಮಾರಿಬಿಡ್ತೀನಿ," ಎಂದು ಫೋನಿನಲ್ಲಿ ಹೇಳಿದಾಗ ನನಗೆ ತಡೆಯಲಾಗಲಿಲ್ಲ. ಆದರೆ ಆಗಲೂ ನಿಜ ಹೇಳಲಿಲ್ಲ. "ನಾ ಬಂದು ನೋಡ್ತೀನಿ ತಡಿ," ಎಂದೆ.

ಅಂದು ಮಾಡಿದ್ದೇ ದೊಡ್ಡ ತಪ್ಪು. ಪ್ರತಿ ಸ್ಪ್ರಿಂಗಿನ ಬುಡದಲ್ಲಿ ದೊಡ್ಡ ನಟ್ಟು ಇರುತ್ತದೆ. ಅದನ್ನು ತಿರುಗಿಸಿದರೆ ಆ ಮೂಲೆ ಮೇಲೇಳುತ್ತದೆ. ಹಿಂದಿನ ಎಡ ನಟ್ಟನ್ನು ತಿರುಗಿಸಿದ್ದರೆ ಬಹುಪಾಲು ಸರಿಹೋಗುತ್ತಿತ್ತು. ಆದರೆ ಹಿಂದಿನ ಎರಡು ನಟ್ಟುಗಳು ಬಯಲಿಗೇ ಕಾಣುತ್ತವೆ. ಒಂದು ಮೇಲೆ, ಒಂದು ಕೆಳಗೆ ಇದ್ದರೆ ನಾಗೇಶ್ ಕಾರಣ ಹುಡುಕುತ್ತಿದ್ದರು, ಹುಡುಕಿದರೆ ಬ್ರಾಕೆಟ್ಟು ಸಿಗುತ್ತಿತ್ತು. ಹಾಗಾಗಿ ಮರೆಯಲ್ಲಿದ್ದ ಮುಂದಿನ ಎಡ ನಟ್ಟನ್ನು ಎತ್ತಿದೆ. ಹಿಂದಿನ ಕಾಲು ಗಿಡ್ಡವಾದ ಮೇಜಿಗೆ ಮುಂದಿನ ಕಾಲಿನ ಕೆಳಗೆ ಹಲಗೆ ಕೊಟ್ಟ ಹಾಗೆ. ಕಣ್ಣಿಗೆ ಗಾಡಿ ಸಮವಾಗಿ ಕಂಡಿತು. ಭಾರವೆಲ್ಲ ಮುಂದಿನ ಎಡ ಮತ್ತು ಹಿಂದಿನ ಬಲ ಚಕ್ರಗಳ ಮೇಲೆ ಬಿತ್ತು. ಮುಂದಿನ ಬಲಚಕ್ರ ಹಗುರವಾಯಿತು. ಒಣ ರಸ್ತೆಯಲ್ಲಿ ಇದು ಅಷ್ಟು ಗೊತ್ತಾಗುವುದಿಲ್ಲ. ರಸ್ತೆ ಒದ್ದೆಯಾಗಿದ್ದು ಜೋರಾಗಿ ಬ್ರೇಕ್ ಒತ್ತಿದರೆ ಹಗುರಾದ ಚಕ್ರ ಜಾರಿ ಗಾಡಿ ಎಡಕ್ಕೆ ತಿರುಗುತ್ತದೆ. ಇದು ನನಗೆ ಗೊತ್ತಿತ್ತು. ಇಲ್ಲಿ ಮಳೆ ಎಲ್ಲಿ ಬರುತ್ತದೆ, ನಿಧಾನವಾಗಿ ಸರಿಮಾಡೋಣ ಎಂದು ನನಗೆ ನಾನೇ ಹೇಳಿಕೊಂಡೆ. ನಾಗೇಶ್ ನನ್ನನ್ನು ಅಪ್ಪಿಕೊಂಡರು.

೨೦೨೩ರ ಮೇ ತಿಂಗಳ ಒಂದು ಶನಿವಾರ. ಅವರ ಮದುವೆಯಾಗಿ ಇಪ್ಪತ್ತೈದು ವರ್ಷವಾಗಿತ್ತು. ಅಲ್ಲಿಯವರೆಗೆ ಗಾಡಿ ಹತ್ತಲು ಒಪ್ಪದ ವೀಣಾ, ಭಾರತೀಯ ಅಂಗಡಿಗಳಿರುವ ಆರ್ಟೀಸಿಯಾಕ್ಕೆ ಹೋಗಿ ಸೀರೆ ತರುವುದಾದರೆ ಬರುತ್ತೇನೆ ಎಂದಿದ್ದರು. ನೂರು ಮೈಲಿ ದಾರಿ, ಎಂಟಕ್ಕೇ ಹೊರಡುವವರಿದ್ದರು. ಬೆಳಗ್ಗೆ ಒಂಬತ್ತಕ್ಕೆ ಚಹಾ ಕುಡಿಯುತ್ತ ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಹನಿ ಬೀಳುತ್ತಿತ್ತು.

ನಾಗೇಶರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಛಾವಣಿಯಿಲ್ಲದ ಗಾಡಿ, ಇಂಜಿನ್ನಿನ ಸದ್ದಿನಲ್ಲಿ ಕೇಳಿಸುವುದಾದರೂ ಹೇಗೆ? ವೀಣಾರಿಗೆ ಮತ್ತೆ ಮತ್ತೆ ಮಾಡಿದೆ, ಅವರೂ ಎತ್ತಲಿಲ್ಲ. ಮಗಳ ಕಾರು ತೆಗೆದುಕೊಂಡು ಹೊರಟೆ. ಹದಿನೈದನೇ ಹೆದ್ದಾರಿಯಲ್ಲಿ ವಾಹನಗಳು ನಿಧಾನವಾದಾಗಲೆಲ್ಲ ಮುಂದೆ ಏನೋ ಆಗಿದೆ ಎಂದೇ ಅನ್ನಿಸುತ್ತಿತ್ತು. ರಸ್ತೆ ಬದಿಯಲ್ಲಿ ಕೆಂಪಗಿನ ಏನನ್ನು ಕಂಡರೂ ವೇಗ ತಗ್ಗಿಸಿ ಕತ್ತು ಹೊರಳಿಸುತ್ತಿದ್ದೆ. ಒಂದೂವರೆ ಗಂಟೆ ಹಾಗೆ ಕಳೆಯಿತು. ಆಮೇಲೆ ವೀಣಾರೇ ಫೋನ್ ಮಾಡಿದರು.

"ಅಂಕಲ್, ಏಳು ಮಿಸ್ಡ್ ಕಾಲ್! ಏನಾಯ್ತು? ನಾವು ಆರ್ಟೀಸಿಯಾದಲ್ಲಿ ದೋಸೆ ತಿಂತಿದೀವಿ."

ಕಾರನ್ನು ಪಕ್ಕಕ್ಕೆ ನಿಲ್ಲಿಸಿದೆ. 

"ಗಾಡಿ ಹೆಂಗೈತಿ?"

"ಅದನ್ನ ಕೇಳ್ಬೇಡಿ. ಹೆದ್ದಾರಿ ಇಳಿದ ಕೂಡಲೇ ರೆಡ್ ಲೈಟ್‌ನಲ್ಲಿ ಬ್ರೇಕ್ ಹಾಕಿದ್ರು, ಗಾಡಿ ಅಡ್ಡ ನಿಂತ್ಕೊಂಡ್ತು. ಪಕ್ಕದ ಟ್ರಕ್ಕಿಗೆ ಒಂದು ಗೇಣು ಉಳೀತು. ಇವರು ನನಗೇ ಬೈತಾರೆ, ನೀನು ಕಿರುಚಿದ್ದಕ್ಕೇ ಹಿಂಗಾಯ್ತು ಅಂತ."

"ವೀಣಾ, ಅಲ್ಲೇ ಕುಂದರ್ರಿ. ಗಾಡಿ ಮುಟ್ಟಬ್ಯಾಡ್ರಿ. ನಾ ಬಂದು ಎಲ್ಲಾ ಹೇಳ್ತೀನಿ."

ಆರ್ಟೀಸಿಯಾದ ಪಯೊನೀರ್ ಬುಲೆವಾರ್ಡ್ ರಸ್ತೆಯ ಹೋಟೆಲೊಂದರ ಹಿಂದಿನ ಪಾರ್ಕಿಂಗ್ ಜಾಗದಲ್ಲಿ ಇಬ್ಬರೂ ಗಾಡಿಯ ಪಕ್ಕದಲ್ಲಿ ನಿಂತಿದ್ದರು. ವೀಣಾರ ಕೈಯಲ್ಲಿ ಮೈಸೂರು ಪಾಕಿನ ಪೊಟ್ಟಣ. ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಮರೆತುಹೋಯಿತು.

"ತಪ್ಪು ನಂದು, ನಾಗೇಶ. ಬ್ರಾಕೆಟ್ಟು ನಾನ ಸೊಟ್ಟ ಹಚ್ಚೀನಿ. ಡಿಸೆಂಬರ್‌ನ್ಯಾಗ ಗೊತ್ತಾತು. ಬಾಡಿ ಅಂತ ನಿನಗ ಸುಳ್ಳು ಹೇಳಿದೆ. ಆಮ್ಯಾಲ ಅದನ್ನ ಮುಚ್ಚಾಕ ಹೋಗಿ ಬ್ರೇಕ್ ಕೆಡಿಸಿದೆ."

ನಾಗೇಶ್ ಬಗ್ಗಿ ಹಿಂದಿನ ಬ್ರಾಕೆಟ್ಟನ್ನು ಮುಟ್ಟಿ ನೋಡಿದರು. ಆಮೇಲೆ ಮೆಲ್ಲಗೆ, "ಮೂರು ವೀಕೆಂಡ್, ಅಂಕಲ್. ಬಾಡಿ ಬಿಚ್ಚಿದ್ದೆ," ಎಂದರು. ಮತ್ತೆ, ಇನ್ನೂ ಮೆಲ್ಲಗೆ: "ಇವತ್ತು ಇವಳು ಪಕ್ಕದಲ್ಲಿದ್ಲು."



"ನಾನು ಮೊದಲನೇ ದಿನಾನೇ ಹೇಳಿದ್ದೆ," ಎಂದರು ವೀಣಾ. "ಕನ್ನಡಕ ಒರೆಸ್ಕೋ ಅಂದ್ರಿ. ಈಗ ಯಾರು ಒರೆಸ್ಕೋಬೇಕು?"  ಪೊಟ್ಟಣ ಬಿಚ್ಚಿ, ಒಂದು ತುಂಡು ಗಂಡನಿಗೆ ಕೊಟ್ಟು, ಸ್ವಲ್ಪ ತಡೆದು ನನಗೂ ಒಂದು ಕೊಟ್ಟರು.

ನನ್ನ ಹಳೆಯ ಗ್ಯಾರೇಜು ಅಲ್ಲಿಂದ ಎರಡು ಮೈಲಿ. ಮಾಲೀಕರಿಗೆ ಫೋನ್ ಮಾಡಿ ಅವರಿಗೂ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಕಳಿಸಿದ ಟ್ರಕ್ಕಿನ ಮೇಲೆ ಗಾಡಿ ಏರಿಸಿಕೊಂಡು ಹೋಗಿ, ಆ ಉಕ್ಕಿನ ಮೇಜಿನ ಮೇಲೆ ಬಿಗಿದೆವು. ಬ್ರಾಕೆಟ್ಟನ್ನು ಕತ್ತರಿಸಿ ತೆಗೆಯಲು ನಲವತ್ತು ನಿಮಿಷ ಹಿಡಿಯಿತು. ಮತ್ತೆ ಬೆಸೆಯುವ ಮುನ್ನ ನಾಗೇಶ್ ತಾವೇ ಟೇಪು ತೆಗೆದುಕೊಂಡು ನಾಲ್ಕು ಸಲ ಅಳೆದರು. ನಾನು ಅವರ ಅಪ್ಪಣೆಗೆ ಕಾದು ನಿಂತೆ.

ಕೊನೆಗೆ ನಾಲ್ಕು ಚಕ್ರಗಳ ಕೆಳಗೆ ನಾಲ್ಕು ತೂಕದ ತಟ್ಟೆ ಇಟ್ಟೆವು. ಮುಚ್ಚಿಟ್ಟದ್ದು ಎಷ್ಟು ಎಂದು ನಾಗೇಶರಿಗೆ ತಿಳಿಯಲಿ ಎಂದು, ಬ್ರಾಕೆಟ್ ಕತ್ತರಿಸುವ ಮುನ್ನವೇ, ಮುಂದಿನ ನಟ್ಟು ನಾನು ಎತ್ತಿದ್ದ ಜಾಗದಲ್ಲೇ ಇರುವಾಗ, ಖಾಲಿ ಗಾಡಿಯನ್ನು ಒಮ್ಮೆ ತೂಗಿದ್ದೆ: ಮುಂದಿನ ಎಡಕ್ಕೆ ೬೮೦ ಪೌಂಡ್, ಬಲಕ್ಕೆ ೪೩೦. ಇಂಥ ತೂಕ ನೋಡುವಾಗ ಗಾಡಿಯಲ್ಲಿ ಕೂರುವವರೂ ಕೂತಿರಬೇಕು. ನಾಗೇಶ್ ಹತ್ತಿದರು.

"ನನ್ನ ತೂಕ ಆ ಸ್ಕ್ರೀನ್ ಮೇಲೆ ಬರತ್ತಾ?" ಎಂದರು ವೀಣಾ.

"ಬರ್ತದ."

"ಹಾಗಾದ್ರೆ ನಾನು ಕೂರಲ್ಲ."

ವೀಣಾ ಅಂಗಡಿಯಿಂದ ಸೋನಾ ಮಸೂರಿ ಅಕ್ಕಿ ಮೂಟೆಗಳನ್ನು ತರಿಸಿದರು. ಎಷ್ಟು ಮೂಟೆ ಬೇಕೆಂದು ಅವರಿಗೊಬ್ಬರಿಗೇ ಗೊತ್ತು. ನಮ್ಮಿಬ್ಬರಿಗೂ ಗೋಡೆಯ ಕಡೆ ಮುಖ ತಿರುಗಿಸಲು ಹೇಳಿ, ತಾವೇ ಸೀಟಿನ ಮೇಲೆ ಪೇರಿಸಿ, ಮೇಲೆ ಹೊಸ ಸೀರೆಯ ಚೀಲ ಮುಚ್ಚಿದರು. ಆ ದಿನ ಮೂವರೂ ಮೊದಲ ಬಾರಿ ನಕ್ಕದ್ದು ಆಗಲೇ. ನಟ್ಟುಗಳನ್ನು ಒಂದೊಂದೇ ಸುತ್ತು ತಿರುಗಿಸಿ ಸಮ ಮಾಡಿದೆ. ಮುಂದಿನ ಎಡ ೬೧೫, ಬಲ ೫೯೫. ಎರಡೂ ಕಡೆಯ ಎತ್ತರ ಒಂದೇ.

ಗ್ಯಾರೇಜಿನ ಹಿಂದೆ ಉದ್ದನೆಯ ಖಾಲಿ ಓಣಿ. ನಾಗೇಶ್ ಅದಕ್ಕೆ ಪೈಪಿನಿಂದ ನೀರು ಬಿಟ್ಟು ಒದ್ದೆ ಮಾಡಿದರು. ಮೂಟೆಗಳನ್ನು ಇಳಿಸಿ ನನ್ನ ಕಡೆ ನೋಡಿ, "ಹತ್ತಿ ಅಂಕಲ್. ನೀವೇ ಪಕ್ಕದಲ್ಲಿ ಕೂರಿ," ಎಂದರು.

ಕೂತೆ. ನಲವತ್ತು ಮೈಲಿ ವೇಗಕ್ಕೆ ಏರಿಸಿ, ಸ್ಟಿಯರಿಂಗ್ ಮೇಲಿಂದ ಎರಡೂ ಕೈ ಒಂದು ಗೇಣು ಎತ್ತಿ, ಬ್ರೇಕ್ ಒತ್ತಿದರು. ಗಾಡಿ ಮೂಗು ತಗ್ಗಿಸಿ ನೇರವಾಗಿ ನಿಂತಿತು.  

"ಇನ್ನು ಮುಂದೆ ವೆಲ್ಡಿಂಗ್ ನನಗೆ ಕಲಿಸಿಕೊಡಿ," ಎಂದರು ನಾಗೇಶ್. 

ಸೊಟ್ಟ ಬ್ರಾಕೆಟ್ಟಿಗಾಗಿ ನನಗೆ ಈಗ ಅಷ್ಟು ನಾಚಿಕೆಯಿಲ್ಲ. ಅಂಥ ತಪ್ಪು ಯಾವ ಕೈಯಿಂದಲೂ ಆದೀತು. ಗೊತ್ತಾದ ದಿನ ಕಾಫಿ ಕುಡಿದು ಸುಮ್ಮನಿದ್ದೆನಲ್ಲ, ಅದಕ್ಕೆ ಇದೆ. ನಮ್ಮ ಕೆಲಸದಲ್ಲಿ ಮುಚ್ಚಿಟ್ಟ ತಪ್ಪಿನ ಭಾರ ಹೊರುವುದು ಗಾಡಿಯಲ್ಲಿ ಕೂತವರು. ಈಗಲೂ ಯಾರಾದರೂ ಗಾಡಿ ನೋಡಲು ಕರೆಯುತ್ತಾರೆ. ಟೇಪು ಹಿಡಿಯುವ ಮೊದಲು ಅವರಿಗೆ ಈ ಕಥೆಯನ್ನು ಪೂರ್ತಿ ಹೇಳುತ್ತೇನೆ. ಕೆಲವರು ಮತ್ತೆ ಕರೆಯುವುದಿಲ್ಲ. ಕರೆದವರ ಗಾಡಿಯ ಕೆಳಗೆ ನಾನು ನಿಶ್ಚಿಂತೆಯಿಂದ ಮಲಗುತ್ತೇನೆ.